ಹದಿನೆಂಟು ಗ್ರಾಂ ಟವೆಲ್

ನಮ್ಮಣ್ಣ ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಕೈಗೆ ಕೊಟ್ಟರೆ ಒಂದು ಗುಟುಕು ಬಾಗಿಲ ಹತ್ತಿರ, ಇನ್ನೊಂದು ಕಿಟಕಿಯ ಹತ್ತಿರ, ಮಿಕ್ಕಿದ್ದನ್ನು ಎಲ್ಲೋ ಇಟ್ಟು ಮರೆತು, ಆಮೇಲೆ "ನನ್ನ ಕಾಫಿ ಎಲ್ಲಿ?" ಎಂದು ಮನೆಯವರ ಮೇಲೆ ರೇಗುವುದು. ಐವತ್ತು ದಾಟಿದರೂ ಕಾಲಿಗೆ ಚಕ್ರ ಕಟ್ಟಿಕೊಂಡೇ ಇದ್ದಾನೆ. ಬ್ಯಾಡ್ಮಿಂಟನ್ ಆಡಲು ಬರುವವರು ಅವನ ಬೆನ್ನ ಹಿಂದೆ ಕರೆಯುವುದು 'ಚಡಪಡಿ' ಅಂತ. ಎದುರಿಗೆ ಮಾತ್ರ 'ಗಟ್ಟಿಂಗ್ ಮೇಷ್ಟ್ರು'. ರಾಕೆಟ್ಟಿಗೆ ಬಲೆ ಹೆಣೆಯುವುದಕ್ಕೆ ಆಟಗಾರರು ಗಟ್ಟಿಂಗ್ ಎನ್ನುತ್ತಾರೆ. ಅದೇ ಅವನ ಕಸುಬು.

ನಮ್ಮಪ್ಪ ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. ಬೆಳಿಗ್ಗೆ ಕೂತರೆ ಊಟಕ್ಕೆ ಏಳಬೇಕು, ಊಟ ಮುಗಿಸಿ ಕೂತರೆ ಕತ್ತಲಾದ ಮೇಲೆ ಏಳಬೇಕು. ಮಗನಿಗೂ ಅದನ್ನೇ ಕಲಿಸಲು ನೋಡಿ ಸೋತರು. ಅವನು ಎರಡು ಸಾಲು ಹೆಣೆಯುವಷ್ಟರಲ್ಲಿ ನಾಲ್ಕು ಸಲ ಏಳುತ್ತಿದ್ದ. ಕೊನೆಗೆ ಅಪ್ಪನಿಂದ ಬಂದ ಹೆಣಿಗೆಗೂ ತನ್ನ ಕೂರಲಾರದ ಗುಣಕ್ಕೂ ಹೊಂದುವ ಕೆಲಸವನ್ನು ಅವನೇ ಹುಡುಕಿಕೊಂಡ. ಗಟ್ಟಿಂಗ್ ಯಂತ್ರದ ಮುಂದೆ ದಿನವಿಡೀ ನಿಂತೇ ಇರಬೇಕು. ಕುರ್ಚಿಯ ಸಹವಾಸವೇ ಇಲ್ಲ.

ನಾನು ಅವನ ತಂಗಿ, ದರ್ಜಿ. ನಮ್ಮ ಅಂಗಡಿಗಳು ಅಕ್ಕಪಕ್ಕ, ನಡುವೆ ಒಂದು ಇಟ್ಟಿಗೆಯ ಗೋಡೆ. ಬೀದಿಯ ಕೊನೆಯಲ್ಲಿ ತಗಡಿನ ಚಾವಣಿಯ ಬ್ಯಾಡ್ಮಿಂಟನ್ ಹಾಲ್. ನನ್ನ ಹೊಲಿಗೆ ಯಂತ್ರ ನಿಂತಾಗೆಲ್ಲ ಆ ಕಡೆಯಿಂದ ಅವನು ಗಟ್ಟನ್ನು, ಅಂದರೆ ಬಲೆಯ ತಂತಿಯನ್ನು, ಬೆರಳಿನಿಂದ ಮೀಟುವ 'ಟಣ್' ಶಬ್ದ ಕೇಳುತ್ತದೆ. ಸದ್ದಿನಲ್ಲೇ ಎಷ್ಟು ಪೌಂಡು ಬಿಗಿ ಎಂದು ಹೇಳುತ್ತಾನೆ. ಹೇಳಿದ್ದು ಸುಳ್ಳಾಗುವುದು ಅಪರೂಪ, ಅದೇ ಅವನ ಜಂಬಕ್ಕೆ ಮೂಲ.

ಏನು ಸಿಕ್ಕರೂ ಬಗ್ಗಿಸಿ ನೋಡುವುದು ಅವನ ಇನ್ನೊಂದು ಚಟ. ಬಾಚಣಿಗೆ, ಸೌಟು, ಛತ್ರಿ ಯಾವುದನ್ನೂ ಬಿಟ್ಟವನಲ್ಲ. ಪೊರಕೆ ಕೊಳ್ಳಲು ಕಳಿಸಿದರೆ ಅಂಗಡಿಯಲ್ಲಿರುವ ಹತ್ತು ಪೊರಕೆಯ ಕೋಲನ್ನೂ ಬಗ್ಗಿಸಿ, "ಇದು ತುಂಬಾ ಸೆಟೆದುಕೊಂಡಿದೆ, ಮಣಿಕಟ್ಟಿಗೆ ಹೊಡೆತ" ಎಂದು ಬರಿಗೈಯಲ್ಲಿ ವಾಪಸ್ಸು ಬರುತ್ತಾನೆ. ಅತ್ತಿಗೆ ಅಂಚೆ ಕಚೇರಿಯ ಕೆಲಸ ಮುಗಿಸಿ ಬರುವಾಗ ತಾನೇ ಪೊರಕೆ ತಂದುಕೊಂಡು ಹಣೆ ಚಚ್ಚಿಕೊಳ್ಳುತ್ತಾರೆ.

ದುಬಾರಿ ರಾಕೆಟ್ಟುಗಳ ವಿಷಯದಲ್ಲಿ ಮಾತ್ರ ಈ ಚಟಕ್ಕೆ ಮರ್ಯಾದೆ ಇತ್ತು. ಯಾವುದನ್ನು ಕೊಳ್ಳಲಿ ಎಂದು ಕೇಳಿಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಸಗಟು ವ್ಯಾಪಾರಿಗಳೂ ಹೊಸ ಮಾದರಿ ಬಂದರೆ ಒಂದನ್ನು ಅವನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅವನು ಮೊದಲು ಕಪ್ಪು ಟೇಪಿನಿಂದ ಕಂಪನಿಯ ಹೆಸರು ಮುಚ್ಚುತ್ತಾನೆ. "ಹೆಸರು ಕಂಡ್ರೆ ಕಣ್ಣು ಕೈಗೆ ಲಂಚ ಕೊಡುತ್ತೆ" ಎನ್ನುವುದು ಅವನ ಮಾತು. ಗುರುತಿಗೆ ನನ್ನ ಅಂಗಡಿಯಿಂದ ಬಣ್ಣದ ದಾರ ಕಿತ್ತುಕೊಂಡು ಹೋಗಿ ಒಂದೊಂದಕ್ಕೆ ಒಂದೊಂದು ಬಣ್ಣ ಕಟ್ಟುತ್ತಾನೆ. ಆಮೇಲೆ ಹಿಡಿಯನ್ನು ಮೇಜಿನ ಅಂಚಿಗೆ ಬಿಗಿದು, ರಾಕೆಟ್ಟಿನ ತಲೆಯಿಂದ ನನ್ನ ದೊಡ್ಡ ಕತ್ತರಿ ತೂಗುಹಾಕಿ, ನನ್ನದೇ ಟೇಪಿನಲ್ಲಿ ಶಾಫ್ಟ್, ಅಂದರೆ ಹಿಡಿಗೂ ತಲೆಗೂ ನಡುವಿನ ಕೋಲು, ಎಷ್ಟು ಬಳುಕಿತು ಎಂದು ಅಳೆಯುತ್ತಾನೆ. ಕಡಿಮೆ ಬಳುಕಿದರೆ ಬಿಗಿ ರಾಕೆಟ್. ಹೊಡೆತ ನೇರ ಹೋಗುತ್ತದೆ, ಆದರೆ ತೋಳು ದುಡಿಯಬೇಕು. ಹೆಚ್ಚು ಬಳುಕಿದರೆ ಶಾಫ್ಟೇ ಅರ್ಧ ಕೆಲಸ ಮಾಡುತ್ತದೆ, ಆದರೆ ಗುರಿ ಸ್ವಲ್ಪ ಆಚೀಚೆ. ಅರ್ಜೆಂಟಾಗಿ ಬಟ್ಟೆ ಕತ್ತರಿಸಬೇಕಾದಾಗಲೆಲ್ಲ ನನ್ನ ಕತ್ತರಿ ಅವನ ರಾಕೆಟ್ಟಿನ ಮೂತಿಯಲ್ಲಿ ನೇತಾಡುತ್ತಿರುತ್ತದೆ.

ಬಾಳಿಕೆ ನೋಡಲು ಗಟ್ಟು ಬಿಚ್ಚಿ ಕಟ್ಟಿ, ಪ್ರತಿ ಸಲ ಎರಡು ಪೌಂಡು ಏರಿಸಿ, ಫ್ರೇಮಿನ ತೂತುಗಳ ಸುತ್ತ ಬಣ್ಣ ಸೀಳಿದೆಯೇ ಎಂದು ಭೂತಗಾಜು ಹಿಡಿದು ನೋಡುತ್ತಾನೆ. ಮುರಿದು ಬಂದ ರಾಕೆಟ್ಟುಗಳನ್ನು ಗರಗಸದಲ್ಲಿ ಕೊಯ್ದು ಒಳಗಿನ ಗೋಡೆ ಎಷ್ಟು ದಪ್ಪ ಎಂದು ನೋಡಿದ್ದೂ ಉಂಟು. ಕೊನೆಯದು ಕೈಯ ಪರೀಕ್ಷೆ. ಹಾಲಿಗೆ ಹೋಗಿ ಇಪ್ಪತ್ತು ಸ್ಮ್ಯಾಷ್, ಇಪ್ಪತ್ತು ಡ್ರಾಪ್, ಇಪ್ಪತ್ತು ಎತ್ತರದ ಹೊಡೆತ. ಬಂದು ನೋಟುಬುಕ್ಕಿನಲ್ಲಿ ಬರೆಯುತ್ತಾನೆ. ಮೂರು ಕಾಲಮ್ಮು: ಕೈಗೆ ಹೇಗೆ, ಬಿಗಿ ಎಷ್ಟು, ಬಾಳಿಕೆ ಎಷ್ಟು.

ಇಷ್ಟೆಲ್ಲ ಯಾರಿಗಾಗಿ ಎಂದರೆ ಮಗಳಿಗಾಗಿ. ಊರಿಗೆಲ್ಲ ಸಲಹೆ ಹೇಳುತ್ತಿದ್ದರೂ ಅವನ ನಿದ್ದೆ ಕೆಡಿಸಿದ್ದು ಅವಳ ರಾಕೆಟ್ ಒಂದೇ. ಅವಳಿಗೆ ಹದಿನೇಳು. ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದು, ಸದಾ ಕಿವಿಯ ಹತ್ತಿರ ಗುಂಯ್‌ಗುಡುತ್ತಿದ್ದಳೆಂದು ನಾನೇ 'ಸೊಳ್ಳೆ' ಎಂದು ಕರೆದೆ, ಅದೇ ಉಳಿಯಿತು. ಸೊಳ್ಳೆಯ ಕೈ ಬೀಸಿಗೆ ಜನ ಆಟ ನಿಲ್ಲಿಸಿ ನೋಡುತ್ತಿದ್ದರು. ರಾಜ್ಯ ತಂಡಕ್ಕೆ ಈ ವರ್ಷ ಆಯ್ಕೆ ಖಂಡಿತ ಎಂದು ಕೋಚ್ ಹೇಳಿಬಿಟ್ಟಿದ್ದರು. ಎಂಟು ತಿಂಗಳ ಹಿಂದೆ ಅಣ್ಣ ಐದು ರಾಕೆಟ್ಟುಗಳನ್ನು ಎರಡು ತಿಂಗಳು ಜಾಲಾಡಿ, ಹಸಿರು ದಾರದ್ದನ್ನು ಅವಳ ಕೈಗೆ ಕೊಟ್ಟ. ಆ ದಿನ ಅವನ ಮುಖ ನೋಡಬೇಕಿತ್ತು, ರಾಕೆಟ್ಟನ್ನು ತಾನೇ ಹೆತ್ತವನಂತೆ ಬೀಗುತ್ತಿದ್ದ.

ಅಲ್ಲಿಂದ ಮುಂದೆ ಅವಳ ಆಟ ಇಳಿಯತೊಡಗಿತು. ಮೊದಲು ನಿಧಾನಕ್ಕೆ, ಆಮೇಲೆ ಎಲ್ಲರಿಗೂ ಕಾಣುವಂತೆ. ಸ್ಮ್ಯಾಷ್ ಹೊಡೆದರೆ ಶಟಲ್ ನೆಟ್ಟಿಗೆ. "ಕೈ ಮೇಲೆತ್ತುತ್ತಿಲ್ಲ, ಸೋಮಾರಿ ಆಗಿದ್ದಾಳೆ" ಎಂದು ಕೋಚ್ ಬೈದರು. ಆಯ್ಕೆ ಪಂದ್ಯಕ್ಕೆ ಎರಡು ವಾರ ಉಳಿದಿತ್ತು. ಅಣ್ಣನಿಗೆ ಹೊಳೆದದ್ದು ಒಂದೇ ಕಾರಣ: ಹಸಿರು ದಾರದ ಶಾಫ್ಟ್ ಸಡಿಲವಾಗಿದೆ, ಇನ್ನೂ ಬಿಗಿಯಾದದ್ದು ಬೇಕು. ಯಾರ ಕೈಕಾಲು ಹಿಡಿದನೋ, ಮೂರು ಹೊಸ ರಾಕೆಟ್ ತರಿಸಿಕೊಂಡ. ಕೆಂಪು, ಬಿಳಿ, ಹಳದಿ ದಾರ ನನ್ನ ಡಬ್ಬಿಯಿಂದ ಮಾಯವಾದವು. ಗೋಡೆಯಾಚೆ ಟಣ್ ಟಣ್ ಎಂದು ಬೆಳಗಿನಿಂದ ಸಂಜೆವರೆಗೆ ಒಂದೇ ಸಮ ಶುರುವಾಯಿತು.

ಅದೇ ವಾರ ಸೊಳ್ಳೆ ತನ್ನ ಆಟದ ಜಾಕೆಟ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ತೋಳು ಬಿಗಿಯಾಗುತ್ತಿದೆ, ಸಡಿಲ ಮಾಡಿಕೊಡಿ ಎಂದಳು. ನಾನು ಟೇಪು ತೆಗೆದೆ.

"ಎರಡೂ ಕೈ ಮೇಲೆತ್ತೇ."

ಎಡಗೈ ನೆಟ್ಟಗೆ ಮೇಲೆ ಹೋಯಿತು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅವಳು ತುಟಿ ಕಚ್ಚಿಕೊಂಡು ನಕ್ಕಳು. ಮೂವತ್ತು ವರ್ಷದಿಂದ ಜನರ ಕಂಕುಳಿಗೆ ಟೇಪು ಹಿಡಿದವಳು ನಾನು, ನನ್ನ ಮುಂದೆ ಆ ನಗು ನಡೆಯುತ್ತದೆಯೇ?

"ಇನ್ನೂ ಎತ್ತು."

"ಇಷ್ಟು ಸಾಕಲ್ವಾ ಅತ್ತೆ?"

"ಸಾಲಲ್ಲ. ಎತ್ತು."

ಎತ್ತಲು ಹೋದಳು. ಕಣ್ಣಲ್ಲಿ ನೀರು ಬಂತು. ಜಾಕೆಟ್ಟಿನ ತೋಳು ಬಿಗಿಯಾಗಿರಲಿಲ್ಲ, ಅವಳ ಭುಜ ಏಳುತ್ತಿರಲಿಲ್ಲ. ಮೂರು ತಿಂಗಳ ಹಿಂದೆ "ಆಟಕ್ಕೆ ಅಡ್ಡ ಬರುತ್ತೆ" ಎಂದು ಸೊಂಟದವರೆಗಿನ ಜಡೆ ಕತ್ತರಿಸಿಕೊಂಡು ಬಂದಿದ್ದಳು. ಅತ್ತಿಗೆ ಎರಡು ದಿನ ಮಾತು ಬಿಟ್ಟಿದ್ದರು. ಹಿಂದಕ್ಕೆ ಕೈ ಹೋಗದೆ ಜಡೆ ಹಾಕಿಕೊಳ್ಳಲಾಗದೆ ಕತ್ತರಿಸಿದಳೆಂದು ನನಗೆ ಆಗ ಹೊಳೆಯಿತು.

"ಎಷ್ಟು ದಿನದಿಂದ ಇದು?"

"ಏಳೆಂಟು ತಿಂಗಳು. ಅಪ್ಪನಿಗೆ ಹೇಳ್ಬೇಡಿ ಅತ್ತೆ, ದಮ್ಮಯ್ಯ."

"ಹುಚ್ಚು ಹಿಡಿದಿದ್ಯಾ ನಿನಗೆ? ಯಾಕೆ ಹೇಳಬಾರದು?"

"ಅಪ್ಪ ಎರಡು ತಿಂಗಳು ಊಟ ತಿಂಡಿ ಬಿಟ್ಟು ಆರಿಸಿದ ರಾಕೆಟ್. ಮೊದಲನೇ ವಾರವೇ ನೋಯ್ತು. ಹೇಗಿದೆ ಅಂತ ದಿನಾ ಕೇಳ್ತಿದ್ರು, ಚೆನ್ನಾಗಿದೆ ಅಂದೆ. ಈಗ ಹೇಗೆ ಹೇಳಲಿ? ಆಯ್ಕೆ ಒಂದು ಮುಗೀಲಿ ಅತ್ತೆ. ಹನ್ನೆರಡೇ ದಿನ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮಣ್ಣನ ಚಡಪಡಿಕೆ ಗೋಡೆ ದಾಟಿ ನನಗೂ ಅಂಟಿಕೊಂಡಿತು. ಒಂದು ಅಂಗಿಗೆ ಎಡತೋಳನ್ನು ಬಲಕ್ಕೆ ಹಾಕಿ ಹೊಲಿದೆ, ಬಿಚ್ಚಿ ಮತ್ತೆ ಅದೇ ತಪ್ಪು ಮಾಡಿದೆ. ಸೂಜಿ ಮುರಿಯಿತು. ಗಿರಾಕಿಯೊಬ್ಬರು ಬಟ್ಟೆ ಯಾವಾಗ ಆಗುತ್ತೆ ಎಂದು ಕೇಳಿದ್ದಕ್ಕೆ ಸುಮ್ಮನೆ ಸಿಡುಕಿದೆ. ಆಚೆ ಕಡೆ ಟಣ್. ಮಗಳ ತೋಳು ಹೋಗುತ್ತಿದೆ, ಇವನು ಇನ್ನೂ ಬಿಗಿ ಹುಡುಕುತ್ತಿದ್ದಾನೆ. ಕೊಟ್ಟ ಮಾತನ್ನು ಒಂದೂವರೆ ದಿನ ಇಟ್ಟುಕೊಂಡೆ, ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹೋದಾಗ ಹಳದಿ ದಾರದ ರಾಕೆಟ್ಟಿನ ತಲೆಯಿಂದ ನನ್ನ ಕತ್ತರಿ ತೂಗುತ್ತಿತ್ತು. ಅಣ್ಣ ಮೇಜಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಮತ್ತೊಂದು ಸುತ್ತು ಹಾಕಿದ.

"ನೋಡೇ, ಅಲುಗ್ತಾನೇ ಇಲ್ಲ! ಇಷ್ಟು ಬಿಗಿಯಾದದ್ದು ನನ್ನ ಕೈಗೆ ಬಂದೇ ಇಲ್ಲ. ಇಷ್ಟಿದ್ದೂ ಬೀಸಿದರೆ ಹೂವು. ತಲೆ ಭಾರವೇ ಇಲ್ಲ. ಇದೇ ಅವಳಿಗೆ. ಸಂಜೆ ಕೊಟ್ಟುಬಿಡ್ತೀನಿ."

"ಅವಳು ಹಿಡಿದು ನೋಡಿದಳಾ?"

"ಅವಳ್ಯಾಕೆ ನೋಡಬೇಕು? ನಾನು ನೋಡಿದೀನಲ್ಲ."

ಸಿಟ್ಟು ನೆತ್ತಿಗೇರಿತು. ಕತ್ತರಿ ಬಿಡಿಸಿಕೊಂಡು, ರಾಕೆಟ್ಟನ್ನು ಮೇಜಿನಿಂದ ಕಿತ್ತು ಕೈಗೆ ತೆಗೆದುಕೊಂಡೆ. ಹಿಡಿಗೆ ದಪ್ಪನೆಯ ಟವೆಲ್ ಬಟ್ಟೆ ಸುತ್ತಿತ್ತು. ಬೆವರಿಗೆ ಒದ್ದೆಯಾಗಿ ತಣ್ಣಗಿತ್ತು. ಅಷ್ಟು ದಪ್ಪದ ಹಿಡಿ ನನ್ನ ಮುಷ್ಟಿಯಲ್ಲೇ ಕೂರಲಿಲ್ಲ.

"ಇಷ್ಟು ದಪ್ಪದ್ದನ್ನ ಸೊಳ್ಳೆ ಹಿಡೀತಾಳಾ?"

"ಅಯ್ಯೋ, ಅದು ನನ್ನ ಟವೆಲ್ಲು. ನನಗೆ ಅಂಗೈ ಬೆವರುತ್ತೆ ಅಂತ ನಿನಗೆ ಗೊತ್ತಿಲ್ವಾ? ಯಾವ ರಾಕೆಟ್ ನೋಡಬೇಕಾದ್ರೂ ಮೊದಲು ಅದನ್ನ ಸುತ್ತಿಕೊಳ್ತೀನಿ. ಅವಳಿಗೆ ಕೊಡುವಾಗ ಬಿಚ್ಚಿ, ತೆಳ್ಳಗಿನ ಪಟ್ಟಿ ಸುತ್ತಿ ಕೊಡ್ತೀನಿ."

"ಅಂದ್ರೆ ನೀನು ನಿನ್ನ ಮೈಗೆ ಹಾಕಿ ಟ್ರಯಲ್ ನೋಡಿದ ಅಂಗೀನ ಅವಳಿಗೆ ತೊಡಿಸ್ತೀಯಾ? ನನ್ನ ಅಂಗಡೀಲಿ ಹಾಗೆ ಮಾಡಿದ್ರೆ ಜನ ಬಟ್ಟೆ ಮುಖಕ್ಕೆ ಎಸೀತಾರೆ ಅಣ್ಣ!"

ನಾನು ಬೈಯಬೇಕೆಂದು ಆಡಿದ ಮಾತು ಅದು. ರಾಕೆಟ್ ಬಗ್ಗೆ ನನಗೇನು ಮಣ್ಣು ಗೊತ್ತು? ಆದರೆ ಅವನ ಓಡಾಟ ನಿಂತಿತು. ನನ್ನ ಕೈಯಿಂದ ರಾಕೆಟ್ ತೆಗೆದುಕೊಂಡು ಬೆರಳ ಮೇಲೆ ಅಡ್ಡ ಇಟ್ಟ. ಅತ್ತ ಇತ್ತ ಸರಿಸಿದ, ಒಂದು ಕಡೆ ತಕ್ಕಡಿಯಂತೆ ಸಮ ನಿಂತಿತು. ಅಲ್ಲಿ ನನ್ನ ಸೀಮೆಸುಣ್ಣದಿಂದ ಗೆರೆ ಎಳೆದ. ಆಮೇಲೆ ಟವೆಲ್ ಬಿಚ್ಚಿ, ಮಗಳ ತೆಳ್ಳನೆಯ ಪಟ್ಟಿ ಸುತ್ತಿ, ಅದೇ ಗೆರೆಯನ್ನು ಬೆರಳ ಮೇಲೆ ಇಟ್ಟ. ರಾಕೆಟ್ ತಲೆ ಮುಂದಾಗಿ ಜಾರಿ ಮೇಜಿಗೆ ಬಿತ್ತು. ಮತ್ತೆ ಇಟ್ಟ. ಮತ್ತೆ ಬಿತ್ತು.

ಬಿಚ್ಚಿದ ಟವೆಲನ್ನು ಸಣ್ಣ ತಕ್ಕಡಿಯ ಮೇಲೆ ಹಾಕಿದ. ಪಟ್ಟಿಯ ತೂಕ ಕಳೆದ ಮೇಲೂ ಹದಿನೆಂಟು ಗ್ರಾಂ ಹೆಚ್ಚು.

"ಹದಿನೆಂಟು ಗ್ರಾಂ ಅಂದ್ರೆ ಒಂದು ಜಿಪ್ಪು, ನಾಲ್ಕು ಗುಂಡಿ" ಎಂದೆ.

"ರಾಕೆಟ್ಟೇ ಎಂಬತ್ತೈದು ಗ್ರಾಂ ಕಣೇ. ಹಿಡಿ ಕಡೆ ಹದಿನೆಂಟು ಗ್ರಾಂ ಇದ್ರೆ ತಲೆ ಹಗುರ ಅನ್ಸುತ್ತೆ. ನನಗೆ ಹೂವು ಅನ್ಸಿದ್ದು ಅದಕ್ಕೇ. ಅದನ್ನ ತೆಗೆದು ಕೊಟ್ರೆ ಅವಳಿಗೆ ತಲೆ ಭಾರ, ಬೀಸಿದಾಗೆಲ್ಲ ಭುಜಕ್ಕೆ..." ಟವೆಲನ್ನು ತಕ್ಕಡಿಯಿಂದ ಎತ್ತಿ ಮೇಜಿನಡಿಗೆ ಎಸೆದ. "ದಿನಾ ಗಿರಾಕಿಗಳಿಗೆ ನಾನೇ ಹೇಳ್ತೀನಿ, ಗ್ರಿಪ್ ಬದಲಾದ್ರೆ ರಾಕೆಟ್ಟೇ ಬದಲಾಗುತ್ತೆ ಅಂತ. ಟವೆಲ್ಲು ನನ್ನ ಕೈಯೇ ಅಂದ್ಕೊಂಡುಬಿಟ್ಟಿದ್ದೆ. ಹಸಿರು ದಾರದ್ದನ್ನೂ ಹೀಗೇ ನೋಡಿದ್ದು. ಅವಳಿಗೆ ಭುಜ ನೋಯಬೇಕಲ್ಲ?"

"ನೋಯ್ತಿದೆ. ಕೈ ತಲೆ ಮೇಲಕ್ಕೆ ಏಳಲ್ಲ. ಜಡೆ ಕತ್ತರಿಸಿಕೊಂಡಿದ್ದು ಅದಕ್ಕೇ."

ಅವನು ನನ್ನನ್ನೇ ನೋಡಿದ. ಹೆಸರು ಮುಚ್ಚಿ, ಕೈಗೆ ಲಂಚ ತಪ್ಪಿಸಿ, ಭೂತಗಾಜು ಹಿಡಿದು ನೋಡಿದವನ ಮುಖ ಸಣ್ಣ ಮಕ್ಕಳ ಮುಖದಂತೆ ಆಯಿತು. ಆಮೇಲೆ ಸಿಟ್ಟು ಬಂತು.

"ನನಗ್ಯಾಕೆ ಹೇಳಲಿಲ್ಲ ಅವಳು?"

"ಹೇಗಿದೆ ಅಂತ ಕೇಳುವಾಗ ನಿನ್ನ ಮುಖ ನೀನು ನೋಡಿದ್ರೆ ಗೊತ್ತಾಗ್ತಿತ್ತು. ಚೆನ್ನಾಗಿಲ್ಲ ಅನ್ನೋಕೆ ಜಾಗವೇ ಬಿಡಲ್ಲ ನೀನು."

ಅವನು ನನ್ನ ಕೈಯಿಂದ ಕತ್ತರಿ ಕಸಿದುಕೊಂಡು ಓಡಿದ. ಯಾಕೆ ಕತ್ತರಿ ಎಂದು ತಿಳಿಯದೆ ನಾನೂ ಹಿಂದೆ ಓಡಿದೆ. ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಸೊಳ್ಳೆ ಒಂದು ಅಂಕಣದಲ್ಲಿ ಅಭ್ಯಾಸ ಮಾಡುತ್ತಿದ್ದಳು. ಕೋಚ್ ಶಟಲ್ ಎತ್ತಿ ಎತ್ತಿ ಕೊಡುತ್ತಿದ್ದರು, ಇವಳು ಹೊಡೆಯುತ್ತಿದ್ದಳು, ಅದು ನೆಟ್ಟಿಗೆ ಬೀಳುತ್ತಿತ್ತು. ಅಪ್ಪ ಅಂಕಣದೊಳಗೇ ನುಗ್ಗಿದ್ದನ್ನು ನೋಡಿ ಹೆದರಿದಳು.

"ಸಾರಿ ಅಪ್ಪ. ಇನ್ನು ಹತ್ತು ಹೊಡೀತೀನಿ. ಸರಿ ಹೋಗುತ್ತೆ."

ಅವನು ರಾಕೆಟ್ಟನ್ನು ಅವಳ ಕೈಯಿಂದ ಬಿಡಿಸಿಕೊಂಡು, ನಡುವಿನಿಂದ ಶುರುಮಾಡಿ ಒಂದೊಂದೇ ಗಟ್ಟು ಕತ್ತರಿಸಿದ. ಪಟ್ ಪಟ್ ಎಂದು ಇಡೀ ಹಾಲಿಗೆ ಕೇಳಿಸಿತು. ಆಚೆ ಅಂಕಣದವರು ಆಟ ನಿಲ್ಲಿಸಿದರು. ಬಟ್ಟೆಗೆಂದೇ ಇಟ್ಟ ಕತ್ತರಿಯಲ್ಲಿ ಕಾಗದ ಕತ್ತರಿಸಿದರೂ ಮೈ ಉರಿಯುವ ನಾನು ಆ ದಿನ ಸುಮ್ಮನೆ ನಿಂತಿದ್ದೆ.

"ಭುಜ ತೋರಿಸು" ಎಂದ.

ಸೊಳ್ಳೆ ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆ ನೋಟ ನನಗೆ ಇನ್ನೂ ಚುಚ್ಚುತ್ತದೆ.

ಭುಜದೊಳಗಿನ ಸ್ನಾಯು ಅರ್ಧ ಹರಿದಿದೆ, ಇನ್ನು ಹತ್ತು ದಿನ ಹೀಗೇ ಹೊಡೆದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತಿತ್ತು ಎಂದರು ಡಾಕ್ಟರು. ಮೂರು ತಿಂಗಳು ರಾಕೆಟ್ ಮುಟ್ಟುವ ಹಾಗಿರಲಿಲ್ಲ. ಆಯ್ಕೆ ಪಂದ್ಯ ಅವಳಿಲ್ಲದೆ ನಡೆಯಿತು. ಅವಳ ಜೊತೆ ಕಲಿತವಳು, ಇವಳೆದುರು ಒಮ್ಮೆಯೂ ಗೆಲ್ಲದವಳು, ತಂಡಕ್ಕೆ ಹೋದಳು. ಆ ದಿನ ಸೊಳ್ಳೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದಳು. ಮಾತು ಮುರಿದೆನೆಂದು ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತು. ಗೊತ್ತಿದ್ದರೂ ಆ ಒಂದು ತಿಂಗಳು ಅಂಗಡಿಯ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವಳೇ ಬಂದಳೆಂದು ತಲೆ ಎತ್ತುತ್ತಿದ್ದೆ.

ಅಣ್ಣನ ಓಡಾಟ ಇಮ್ಮಡಿಯಾಯಿತು. ಮನೆಯೊಳಗೆ ಎಷ್ಟು ನಡೆದನೆಂದರೆ ಅತ್ತಿಗೆ, "ಅಂಚೆ ಹಂಚೋಕೆ ಬನ್ನಿ, ಸಂಬಳವಾದ್ರೂ ಬರುತ್ತೆ" ಎಂದರು. ನೋಟುಬುಕ್ಕಿನಲ್ಲಿ 'ಕೈಗೆ ಹೇಗೆ' ಎಂಬ ಕಾಲಮ್ಮನ್ನು ಮೊದಲ ಪುಟದಿಂದ ಕೊನೆವರೆಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದ. ಯಾವುದು ಕೊಳ್ಳಲಿ ಎಂದು ಕೇಳುವ ಗಿರಾಕಿಗೆ, "ಬಿಗಿ ಹೇಳ್ತೀನಿ, ಬಾಳಿಕೆ ಹೇಳ್ತೀನಿ. ಕೈಗೆ ಹೇಗೆ ಅಂತ ನಿಮ್ಮ ಗ್ರಿಪ್ ಸುತ್ತಿಕೊಂಡು ನೀವೇ ಹೇಳಿ" ಎನ್ನತೊಡಗಿದ. ಮೇಷ್ಟ್ರಿಗೆ ವಯಸ್ಸಾಯಿತು ಎಂದು ಕೆಲವರು ನಕ್ಕರು. ಅವನು ಕೇಳಿಸಿಕೊಂಡೇ ಮುಂದಿನ ರಾಕೆಟ್ಟಿಗೆ ಗಟ್ಟು ಹೆಣೆದ.

ಮೂರೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಮೂರು ರಾಕೆಟ್ ಹಿಡಿದು ನನ್ನ ಅಂಗಡಿಗೆ ಬಂದ. ಹಿಂದೆ ಸೊಳ್ಳೆ. ಮೂರಕ್ಕೂ ಅವಳ ತೆಳ್ಳನೆಯ ಪಟ್ಟಿ ಸುತ್ತಿತ್ತು. ಟ್ರಯಲ್ ನೋಡುವ ನನ್ನ ಆಳೆತ್ತರದ ಕನ್ನಡಿ ಬೇಕೆಂದ. ಅವಳನ್ನು ಅದರ ಮುಂದೆ ನಿಲ್ಲಿಸಿ, ತಾನು ಹೊಸ್ತಿಲಾಚೆ ಹೋಗಿ ಬೀದಿಗೆ ಮುಖ ಮಾಡಿ ನಿಂತ. ತನ್ನ ಮುಖ ಅವಳಿಗೆ ಕಾಣಬಾರದೆಂದು. ಕಾಲು ಮಾತ್ರ ಕುಣಿಯುತ್ತಿತ್ತು.

ಕೆಂಪು ದಾರದ್ದನ್ನು ನಿಧಾನವಾಗಿ ಎತ್ತಿ ಬೀಸಿದಳು.

"ಹೇಗಿದೆ?" ಎಂದು ಬೀದಿಯನ್ನು ಕೇಳಿದ.

"ಚೆನ್ನಾಗಿದೆ ಅಪ್ಪ."

ಬಿಳಿಯದನ್ನು ಬೀಸಿದಳು. "ಚೆನ್ನಾಗಿದೆ."

ಅದೇ 'ಚೆನ್ನಾಗಿದೆ'. ಎಂಟು ತಿಂಗಳು ಕೇಳಿದ್ದು. ಅವನ ಭುಜ ಕುಸಿದದ್ದು ಹಿಂದಿನಿಂದಲೂ ಕಾಣುತ್ತಿತ್ತು. ನನಗೆ ಒಳಗೊಳಗೇ ಕುದಿಯುತ್ತಿತ್ತು, ಬಾಯಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಸುಮ್ಮನಿದ್ದೆ.

ಹಳದಿಯದನ್ನು ತೆಗೆದುಕೊಂಡಳು. ಅವನು ಹೂವು ಎಂದದ್ದು, ಹಿಡಿದುಕೊಂಡು ಕುಣಿದದ್ದು ಅದೇ. ಅರ್ಧ ಎತ್ತಿದಳು. ನಿಂತಳು. ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಆಮೇಲೆ ಅಪ್ಪನ ಬೆನ್ನನ್ನು ನೋಡಿದಳು. ರಾಕೆಟ್ ಕೆಳಗಿಳಿಸಿದಳು.

"ಅಪ್ಪ, ಇದು ನೋಯುತ್ತೆ."

ಅವನು ಗಿರಕ್ಕನೆ ತಿರುಗಿದ. "ನೋಯುತ್ತಾ? ಎಲ್ಲಿ? ಎಷ್ಟು ಎತ್ತಿದಾಗ?" ಅವಳು ಪಂದ್ಯ ಗೆದ್ದು ಬಂದಂತೆ ಕೂಗುತ್ತಿದ್ದ. ಎದುರು ಅಂಗಡಿಯವರು ಹೊರಗೆ ಬಂದು ನೋಡಿದರು. ಜೇಬಿನಿಂದ ನೋಟುಬುಕ್ ತೆಗೆದು ಹೊಸ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ 'ನೋಯುತ್ತೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ. ಹಳದಿಯದನ್ನು ಅವಳ ಕೈಯಿಂದ ತೆಗೆದು ಮೂಲೆಗಿಟ್ಟ. ಆಮೇಲೆ, ದೇವರಾಣೆ, ನನ್ನ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತ.

ಕೆಂಪು ದಾರದ್ದನ್ನು ಮತ್ತೆ ಅವಳ ಕೈಗೆ ಕೊಟ್ಟ.

"ಈಗ ಇದನ್ನ ಹೇಳು. ಮೊದಲು ಹೇಳಿದ್ದು ಬೇಡ."

ಅವಳು ಎತ್ತಿ ಬೀಸಿದಳು. ಬಹಳ ದಿನದ ಮೇಲೆ ನಕ್ಕಳು.

"ಇದೂ ನೋಯುತ್ತೆ ಅಪ್ಪ."